ಬಂಗಾಳ ಕೊಲ್ಲಿಯ ಮರಳು, ಮೈಸೂರು ರಸ್ತೆಯ ಒಲೆ

ದೀಪಾಂಜಲಿ ನಗರದಿಂದ ಬಂಗಾಳ ಕೊಲ್ಲಿಗೆ ಹೋಗುವವರು ಪೂರ್ವಕ್ಕೆ ಮುಖ ಮಾಡಿದರೆ ಸಾಕು. ಅಲ್ಲಿಯ ಕಡಲತಳದಿಂದ ತೆಗೆಯುವ ಅನಿಲ ನಮ್ಮ ಕಡೆ ಬರುವ ದಾರಿ ಮಾತ್ರ ಬಲು ಸುತ್ತು. ಕಾಕಿನಾಡದ ಹತ್ತಿರ ಗಾಡಿಮೊಗದಲ್ಲಿ ನೆಲ ಮುಟ್ಟುವ ಅದು ತೆಲಂಗಾಣ ದಾಟಿ, ನಮ್ಮ ಬೀದರ್–ಕಲಬುರಗಿ ಸೀಮೆಯ ತೊಗರಿ ಹೊಲಗಳ ಅಡಿಯಲ್ಲಿ ಹಾದು, ಮಹಾರಾಷ್ಟ್ರ ಹೊಕ್ಕು ಗುಜರಾತಿನವರೆಗೆ ಹೋಗುತ್ತದೆ. ಸುಮಾರು 1,400 ಕಿಲೋಮೀಟರ್ ಉದ್ದದ ಈ ಪೂರ್ವ–ಪಶ್ಚಿಮ ಕೊಳವೆಗೆ ಮುಂಬೈ ಆಚೆಯ ಮ್ಹಸ್ಕಳದಲ್ಲಿ ಇನ್ನೊಂದು ಜಾಲ ಕೂಡುತ್ತದೆ. ಆ ಜಾಲ ಕೊಂಕಣದ ದಾಭೋಳಕ್ಕೆ ಇಳಿಯುತ್ತದೆ. ದಾಭೋಳದಿಂದ 2013ರಲ್ಲಿ ಚಾಲೂ ಆದ ಕೊಳವೆ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಹಾದು ಬೆಂಗಳೂರು ತಲುಪುತ್ತದೆ. ಪೂರ್ವದ ಕಡಲಿನದು ನಮಗೆ ಸಿಗಬೇಕಾದರೆ ಪಶ್ಚಿಮದ ಕಡಲು ಮುಟ್ಟಿ ತಿರುಗಿ ಬರಬೇಕು. ದಾಭೋಳದಲ್ಲಿ ಹಡಗಿನಲ್ಲಿ ಬಂದ ಪರದೇಶದ ದ್ರವೀಕೃತ ಅನಿಲವೂ ಅದರೊಂದಿಗೆ ಬೆರೆಯುತ್ತದೆ. ನಮ್ಮ ಒಲೆಯ ನೀಲಿ ಉರಿಯಲ್ಲಿ ಯಾವ ಕಡಲಿನ ಪಾಲು ಎಷ್ಟೆಂದು ಯಾರೂ ಬೇರ್ಪಡಿಸಿ ಹೇಳಲಾರರು.

ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಪಂಪಾಗಿ ಬರುತ್ತದೆಂದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತು. ಮಳೆ ಕೈಕೊಟ್ಟರೆ ಕೆಆರ್‌ಎಸ್ ಮಟ್ಟ ಎಷ್ಟು ಅಡಿ ಎಂದು ತರಕಾರಿ ಅಂಗಡಿಯಲ್ಲಿ ನಿಂತು ಲೆಕ್ಕ ಹಾಕುವ ಜನ ನಾವು. ಅನಿಲದ ಬಗ್ಗೆ ಅಂಥ ಲೆಕ್ಕ ಯಾರೂ ಕೇಳುವುದಿಲ್ಲ. ಅಡುಗೆಮನೆಯ ಗೋಡೆಗೆ ಹಳದಿ ಪೈಪು ಬಂತು, ಮೀಟರು ಕೂತಿತು, ಎರಡು ತಿಂಗಳಿಗೊಮ್ಮೆ ಬಿಲ್ಲು ಬರುತ್ತದೆ, ಅಷ್ಟಕ್ಕೇ ಮುಗಿಯಿತು. ಆ ಪೈಪಿನ ಆಚೆ ತುದಿ ನೋಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ತಂಗಿಯ ಮಗ ಕಾಕಿನಾಡದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದಕ್ಕೆ ದಾರಿಯಾಯಿತು.

ನಮ್ಮದು ಮೈಸೂರು ರಸ್ತೆಗೆ ಅಂಟಿಕೊಂಡ ಬಡಾವಣೆ. ಹತ್ತಿರದಲ್ಲೇ ಬಿಎಂಟಿಸಿ ಡಿಪೊ, ಬಿಎಚ್‌ಇಎಲ್ ಎಲೆಕ್ಟ್ರಾನಿಕ್ಸ್ ವಿಭಾಗದ ಉದ್ದನೆಯ ಕಾಂಪೌಂಡು, 2015ರ ನವೆಂಬರಿನಲ್ಲಿ ತೆರೆದ ಮೆಟ್ರೊ ನಿಲ್ದಾಣ. ಪಕ್ಕದಲ್ಲೇ ಹರಿಯುವ ವೃಷಭಾವತಿಯನ್ನು ಹೊಳೆ ಎನ್ನಲು ಈಗ ಮನಸ್ಸು ಬಾರದು. ಆದರೆ ಅದರ ಕಪ್ಪು ಕೆಸರಿನಿಂದ ಬುಳುಬುಳು ಏಳುವ ಗುಳ್ಳೆಯಲ್ಲಿರುವುದೂ ಮೀಥೇನೇ, ಕೃಷ್ಣಾ–ಗೋದಾವರಿಯ ಕಡಲತಳದಿಂದ ಬರುವುದೂ ಬಹುಪಾಲು ಮೀಥೇನೇ. ಪಕ್ಕದ ಮನೆಯ ಹಿರಿಯರು ಬಿಎಚ್‌ಇಎಲ್‌ನಲ್ಲಿ ವಿದ್ಯುತ್ ಸ್ಥಾವರಗಳ ಕಂಟ್ರೋಲ್ ಪ್ಯಾನಲ್ ಕೆಲಸ ಮಾಡಿ ನಿವೃತ್ತರಾದವರು. ಹೊರಡುವ ಹಿಂದಿನ ಸಂಜೆ ಗೇಟಿನ ಹತ್ತಿರ ನಿಂತು, "ನೋಡಮ್ಮ, ಸಮುದ್ರದ ತಳದಲ್ಲಿ ಮನುಷ್ಯ ಕೈಯಿಟ್ಟು ತಿರುಗಿಸೋ ವಾಲ್ವ್ ಒಂದೂ ಇರೋದಿಲ್ಲ. ದಡದಲ್ಲಿ ಕೂತವನ ಸಿಗ್ನಲ್ ನಿಂತುಹೋದರೆ ಆ ವಾಲ್ವ್ ಏನು ಮಾಡುತ್ತೆ ಅಂತ ಮೊದಲು ಕೇಳು. ಮಿಕ್ಕಿದ್ದೆಲ್ಲ ಆಮೇಲೆ," ಎಂದರು. ನಾನು ಅಲ್ಲಿಗೆ ಒಯ್ದ ಪ್ರಶ್ನೆಗಳಲ್ಲಿ ಅದಕ್ಕಿಂತ ಒಳ್ಳೆಯದು ಬೇರೆ ಇರಲಿಲ್ಲ.

ಬೆಂಗಳೂರಿನಿಂದ ಕಾಕಿನಾಡಕ್ಕೆ ಶೇಷಾದ್ರಿ ಎಕ್ಸ್‌ಪ್ರೆಸ್ ಇದೆ. ರಾತ್ರಿ ಕಳೆದು ಬೆಳಕು ಹರಿಯುವಾಗ ಕರಾವಳಿ ಆಂಧ್ರದ ಗದ್ದೆ ಬಯಲು ಕಿಟಕಿಯ ಎರಡೂ ಕಡೆ ಹಬ್ಬಿತ್ತು. ರಾಜಮಹೇಂದ್ರಿಯಲ್ಲಿ ಗೋದಾವರಿ ಸೇತುವೆಯ ಮೇಲೆ ಗಾಡಿ ಹೊಕ್ಕಾಗ ಡಬ್ಬಿಯ ಹೆಂಗಸರು ಕಿಟಕಿಯಿಂದ ನಾಣ್ಯ ಎಸೆದು ಕೈ ಮುಗಿದರು. ನಾನು ನೀರಿನ ಬಣ್ಣ ನೋಡುತ್ತಿದ್ದೆ. ಗೋದಾವರಿ ಕಣಿವೆಯಲ್ಲಿ ಕರ್ನಾಟಕದ ಪಾಲು ನೂರಕ್ಕೆ ಎರಡರಷ್ಟೂ ಇಲ್ಲ. ಆದರೂ ಬೀದರ್ ನೆಲ ತೊಳೆದು ಬರುವ ಮಾಂಜ್ರಾ ಈ ನದಿಯನ್ನೇ ಸೇರುತ್ತದೆ. ಜೋಡಿ ನದಿ ಕೃಷ್ಣೆಯಂತೂ ಭೀಮಾ, ಘಟಪ್ರಭಾ, ಮಲಪ್ರಭಾ, ತುಂಗಭದ್ರೆಯರ ಮಣ್ಣನ್ನೆಲ್ಲ ಹೊತ್ತು ಅದೇ ಕಡಲಿಗೆ ಸುರಿಯುತ್ತಾಳೆ. ಲಕ್ಷಾಂತರ ವರ್ಷ ಹೀಗೆ ಹರಿದುಬಂದ ಮರಳು ಮತ್ತು ಕೆಸರು ಕಡಲತಳದ ಇಳಿಜಾರಿನಲ್ಲೂ ಕಾಲುವೆ ಕೊರೆದು, ದಂಡೆ ಕಟ್ಟಿ, ಹೂತುಹೋಯಿತು. ಅನಿಲ ಕೂತಿರುವುದು ಆ ಹೂತ ಕಾಲುವೆಗಳ ಮರಳಿನಲ್ಲಿ. ನದಿ ಸಮುದ್ರ ಸೇರಿದ ಮೇಲೂ ಅದರ ಕತೆ ಮುಗಿಯುವುದಿಲ್ಲ ಎಂಬುದು ಆ ಸೇತುವೆಯ ಮೇಲೆ ನನ್ನ ಮನಸ್ಸಿಗೆ ನಾಟಿತು.

ಸಾಮರ್ಲಕೋಟ ಜಂಕ್ಷನ್ ಬಂತು. ಈ ಊರಿನ ಹತ್ತಿರ 2,400 ಮೆಗಾವ್ಯಾಟ್‌ನ ಅನಿಲ ವಿದ್ಯುತ್ ಸ್ಥಾವರವೊಂದಕ್ಕೆ ಯಂತ್ರಗಳನ್ನು ತಂದಿಳಿಸಿದ್ದರು. ಕಡಲು ಕೂಗಳತೆಯಲ್ಲಿತ್ತು, ಕಡಲಿನಲ್ಲಿ ಅನಿಲವಿತ್ತು. ಸ್ಥಾವರಕ್ಕೆ ಮಾತ್ರ ಅನಿಲ ಸಿಗಲಿಲ್ಲ. ಅದರ ಒಂದು ಘಟಕದ ಯಂತ್ರಗಳು ಕೊನೆಗೆ ಬಾಂಗ್ಲಾದೇಶದ ಮೇಘನಾಘಾಟ್‌ಗೆ ಹೋದವು. ಹೀಗೆ ಆದದ್ದೇಕೆ ಎಂಬುದನ್ನು ಗಾಡಿಮೊಗದಲ್ಲಿ ನಿಂತು ಹೇಳುವುದೇ ಸರಿ.

ಕಾಕಿನಾಡ ಬಂದರಿನ ಊರು. ಉಪ್ಪಾಡ ಸೀರೆ, ಕಾಜಾ ಸಿಹಿ, ಅಗಲವಾದ ನೇರ ರಸ್ತೆಗಳು. ತಂಗಿಯ ಮಗ ಸ್ಟೇಷನ್ನಿಗೆ ಬಂದಿದ್ದ. ನಮ್ಮ ಬೆಂಗಳೂರಿನ ವಿಜಯನಗರದಲ್ಲಿ ಬೆಳೆದ ಹುಡುಗ, ಮೆಕ್ಯಾನಿಕಲ್ ಓದಿದವನು. ಗುತ್ತಿಗೆ ಸಂಸ್ಥೆಯೊಂದರ ಪರವಾಗಿ ಕಡಲತಳದ ಉಪಕರಣಗಳ ನಿರ್ವಹಣೆ ಅವನ ಕೆಲಸ. "ದೊಡ್ಡಮ್ಮ, ಒಳಗೆ ಬಿಡಲ್ಲ, ಹೊರಗಿಂದ ಗೋಡೆ ನೋಡಬಹುದು, ಅಷ್ಟೇ," ಎಂದು ಮೊದಲೇ ಎಚ್ಚರಿಸಿದ್ದ. ದಕ್ಷಿಣಕ್ಕೆ ಯಾಣಂ ಕಡೆಗೆ ಹೋಗುವ ರಸ್ತೆ ಹಿಡಿದೆವು. ಎಡಗಡೆ ಕೋರಿಂಗದ ಮ್ಯಾಂಗ್ರೋವ್ ಕಾಡು ಶುರುವಾಗುತ್ತದೆ. ಅಳಿವೆಯ ಕೆಸರಿನಲ್ಲಿ ಬೇರುಗಳನ್ನು ಮೇಲಕ್ಕೆ ಚಾಚಿ ಉಸಿರಾಡುವ ಈ ಮರಗಳ ನಡುವೆ ಅರಣ್ಯ ಇಲಾಖೆ ಹಲಗೆಯ ದಾರಿ ಮಾಡಿದೆ. 1839ರ ಚಂಡಮಾರುತದಲ್ಲಿ ಕೋರಿಂಗ ಎಂಬ ಬಂದರು ಊರೇ ಕೊಚ್ಚಿಹೋಗಿತ್ತು. ಆಮೇಲೆ ಅದು ಮತ್ತೆ ಬಂದರಾಗಿ ತಲೆಯೆತ್ತಲಿಲ್ಲ. ಇಂಥ ಕಡಲಿನಲ್ಲಿ ನೀರಿನ ಮೇಲೆ ಕಟ್ಟುವುದಕ್ಕಿಂತ ನೀರಿನ ಕೆಳಗೆ ಕಟ್ಟುವುದು ಒಂದು ರೀತಿಯಲ್ಲಿ ವಿವೇಕದ ಕೆಲಸವೇ. ಗಾಳಿಗೆ, ಅಲೆಗೆ ಕಡಲತಳದ ಯಂತ್ರ ಸಿಗುವುದಿಲ್ಲ.

ಗಾಡಿಮೊಗ ತಾಳ್ಳರೇವು ಮಂಡಲದ ಹಳ್ಳಿ. ಗೌತಮಿ ಗೋದಾವರಿಯ ಮುಖಜ ಭೂಮಿಯಲ್ಲಿ ತೆಂಗು, ಸಿಗಡಿ ಕೊಳ, ದೋಣಿಗಳ ನಡುವೆ ಇದ್ದಕ್ಕಿದ್ದಂತೆ ಆ ಗೋಡೆ, ಅದರಾಚೆ ಗೋಪುರಗಳು, ಕೊಳವೆಗಳು, ಎತ್ತರದ ಫ್ಲೇರ್ ಕಂಬ. 2009ರ ಏಪ್ರಿಲ್‌ನಲ್ಲಿ ಕೃಷ್ಣಾ–ಗೋದಾವರಿ ಕಡಲಿನ ಕೆಜಿ–ಡಿ6 ಬ್ಲಾಕಿನ ಅನಿಲ ಮೊದಲು ದಡ ಹತ್ತಿದ್ದು ಇಲ್ಲೇ. 2000ದಲ್ಲಿ ಸರ್ಕಾರ ಹೊಸ ಅನ್ವೇಷಣಾ ನೀತಿಯ ಮೊದಲ ಸುತ್ತಿನಲ್ಲಿ ರಿಲಯನ್ಸ್‌ಗೆ ಕೊಟ್ಟ ಬ್ಲಾಕ್ ಇದು. 2002ರ ಅಕ್ಟೋಬರಿನಲ್ಲಿ ಅನಿಲ ಸಿಕ್ಕಿತು, ಆ ವರ್ಷ ಜಗತ್ತಿನಲ್ಲೇ ಅದು ಅತಿ ದೊಡ್ಡ ಅನಿಲ ಶೋಧವೆಂದು ಸುದ್ದಿಯಾಯಿತು. ಶೋಧದಿಂದ ಉತ್ಪಾದನೆಗೆ ಏಳು ವರ್ಷವೂ ಹಿಡಿಯಲಿಲ್ಲ. ಆಳಸಮುದ್ರದ ಮಟ್ಟಿಗೆ ಇದು ಬಹಳ ಬೇಗ. ಭಾರತದಲ್ಲಿ ಅಷ್ಟು ಆಳದಿಂದ ಅನಿಲ ತೆಗೆದದ್ದು ಅದೇ ಮೊದಲು.

ಗೋಡೆಗೆ ಬೆನ್ನು ಕೊಟ್ಟು, ತೆಂಗಿನ ನೆರಳಿನಲ್ಲಿ ಕೂತು ಹುಡುಗ ವಿವರಿಸುತ್ತ ಹೋದ. ಮಣ್ಣಿನ ಮೇಲೆ ಕಡ್ಡಿಯಿಂದ ಗೀರಿದ.

ಡಿ1–ಡಿ3 ಎಂಬ ಎರಡು ಕ್ಷೇತ್ರಗಳು ಜೊತೆಜೊತೆಗಿವೆ. ನೀರಿನ ಆಳ 600ರಿಂದ 1,200 ಮೀಟರ್. ಅಷ್ಟು ಆಳದಲ್ಲಿ ಮುಂಬೈ ಕಡಲಿನ ಬಾಂಬೆ ಹೈ ತೈಲಕ್ಷೇತ್ರದಂತೆ ತಳಕ್ಕೆ ಕಾಲೂರಿದ ಕಬ್ಬಿಣದ ಕಟ್ಟೆಗಳನ್ನು ನಿಲ್ಲಿಸುವುದು ಆಗದ ಮಾತು. ಆದ್ದರಿಂದ ಪ್ರತಿ ಬಾವಿಯ ಬಾಯಿಗೂ ತಳದಲ್ಲೇ ಒಂದೊಂದು ದೊಡ್ಡ ವಾಲ್ವ್ ಕಟ್ಟನ್ನು ಕೂರಿಸುತ್ತಾರೆ. ಉದ್ಯಮದಲ್ಲಿ ಎಲ್ಲರೂ ಅದನ್ನು ಕ್ರಿಸ್‌ಮಸ್ ಟ್ರೀ ಎನ್ನುತ್ತಾರೆ. ಟನ್ನುಗಟ್ಟಲೆ ತೂಕದ ಉಕ್ಕು ಅದು. ಒಂದೊಂದು ಟ್ರೀಯಿಂದ ಹೊರಟ ಸಣ್ಣ ಕೊಳವೆಗಳು ಮ್ಯಾನಿಫೋಲ್ಡ್ ಎಂಬ ಕೂಡುಕಟ್ಟೆಯಲ್ಲಿ ಸೇರಿ, ದೊಡ್ಡ ಕೊಳವೆಯಾಗಿ, ಸುಮಾರು 100 ಮೀಟರ್ ಆಳದ ನೀರಿನಲ್ಲಿ ನಿಂತ ಒಂದು ಪ್ಲಾಟ್‌ಫಾರ್ಮ್‌ಗೆ ಏರುತ್ತವೆ. ಅಲ್ಲಿಂದ 24 ಇಂಚಿನ ಕೊಳವೆಗಳು ದಡಕ್ಕೆ. ಇಡೀ ಕ್ಷೇತ್ರದಲ್ಲಿ ಮನುಷ್ಯರ ಕಾಲು ಸೋಕುವ ಜಾಗ ಆ ಪ್ಲಾಟ್‌ಫಾರ್ಮ್ ಮತ್ತು ಈ ಗೋಡೆಯೊಳಗಿನ ಟರ್ಮಿನಲ್, ಎರಡೇ.

"ಸಿಗ್ನಲ್ ನಿಂತರೆ?" ಎಂದೆ.

"ಯಾರು ಹೇಳಿಕೊಟ್ಟರು ದೊಡ್ಡಮ್ಮ ಈ ಪ್ರಶ್ನೆ?" ಎಂದು ಅವನ ಮುಖ ಅರಳಿತು. "ವಾಲ್ವ್ ಒಳಗೆ ಬಲವಾದ ಸ್ಪ್ರಿಂಗ್ ಇರುತ್ತೆ. ಅದರ ಸ್ವಭಾವವೇ ಮುಚ್ಚೋದು. ಹೈಡ್ರಾಲಿಕ್ ಒತ್ತಡ ಕೊಟ್ಟು ನಾವು ಅದನ್ನ ತೆರೆದು ಹಿಡಿದಿರ್ತೀವಿ. ಒತ್ತಡ ಹೋಯ್ತೋ, ತಾನಾಗೇ ಮುಚ್ಚಿಕೊಳ್ಳುತ್ತೆ."

ದಡದಿಂದ ತಳದವರೆಗೆ ಹೋಗುವ ಕೇಬಲ್ಲಿಗೆ ಹೊಕ್ಕುಳಬಳ್ಳಿಯ ಹೆಸರೇ ಇದೆ. ಅದರೊಳಗೆ ಹೈಡ್ರಾಲಿಕ್ ಎಣ್ಣೆಯ ಉಕ್ಕಿನ ನಳಿಗೆಗಳು, ರಾಸಾಯನಿಕ ಸಾಗಿಸುವ ನಳಿಗೆಗಳು, ಕರೆಂಟಿನ ತಂತಿ, ಆಪ್ಟಿಕಲ್ ಫೈಬರ್ ಎಲ್ಲ ಹುರಿಗೊಂಡಿರುತ್ತವೆ. ತಳದಲ್ಲಿ ನೀರು ಹೆಚ್ಚುಕಡಿಮೆ ಫ್ರಿಜ್ಜಿನಷ್ಟು ತಣ್ಣಗೆ. ಹತ್ತು ಮೀಟರ್ ಇಳಿದಂತೆಲ್ಲ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 1,000 ಮೀಟರ್ ಆಳದಲ್ಲಿ ನೂರು ಪಟ್ಟು. ಆ ಥಂಡಿಯಲ್ಲಿ, ಆ ಒತ್ತಡದಲ್ಲಿ ಅನಿಲದ ಜೊತೆ ಹನಿ ನೀರಿದ್ದರೂ ಎರಡೂ ಸೇರಿ ಮಂಜುಗಡ್ಡೆಯಂಥ ಹೈಡ್ರೇಟ್ ಕಟ್ಟಿ ಕೊಳವೆಯೇ ಮುಚ್ಚಿಹೋಗುತ್ತದೆ. ಅದಕ್ಕೆ ಮದ್ದು ಗ್ಲೈಕಾಲ್. ದಡದಿಂದ ಗ್ಲೈಕಾಲನ್ನು ಬಾವಿಯ ಬಾಯಿಗೆ ಕಳಿಸುತ್ತಾರೆ, ಅದು ಅನಿಲ–ನೀರಿನೊಂದಿಗೆ ಮರಳಿ ಗಾಡಿಮೊಗಕ್ಕೆ ಬರುತ್ತದೆ, ಇಲ್ಲಿ ನೀರು ಬೇರ್ಪಡಿಸಿ ಮತ್ತೆ ಕಡಲಿಗೆ ಕಳಿಸುತ್ತಾರೆ. ಹಗಲಿರುಳೂ ಈ ಸುತ್ತು ನಡೆಯುತ್ತಲೇ ಇರುತ್ತದೆ. ಕೊಳವೆಯ ಶತ್ರುವಾದ ಇದೇ ಹೈಡ್ರೇಟ್ ಈ ಕಡಲತಳದ ಕೆಸರಿನಲ್ಲಿ ತಾನಾಗಿಯೇ ಕೂತಿದೆ. 2006ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಸಂಶೋಧನಾ ಹಡಗು ಬಂದು ಕೊರೆದಾಗ ಕೃಷ್ಣಾ–ಗೋದಾವರಿ ಕಡಲಿನಲ್ಲಿ 128 ಮೀಟರ್ ದಪ್ಪದ ಹೈಡ್ರೇಟ್ ಪದರ ಸಿಕ್ಕಿತ್ತು. ಅದನ್ನು ಅನಿಲವಾಗಿ ತೆಗೆಯುವ ದಾರಿ ಇನ್ನೂ ವ್ಯಾಪಾರದ ಮಟ್ಟಕ್ಕೆ ಬಂದಿಲ್ಲ.

ಇಷ್ಟು ಆಳದಲ್ಲಿ ಮುಳುಗುಗಾರರು ಕೆಲಸ ಮಾಡಲಾರರು. ಬೋಲ್ಟು ಬಿಗಿಯುವುದರಿಂದ ಹಿಡಿದು ಸೋರಿಕೆ ನೋಡುವುದರವರೆಗೆ ಎಲ್ಲಕ್ಕೂ ಹಡಗಿನಿಂದ ತಂತಿ ಕಟ್ಟಿ ಇಳಿಬಿಟ್ಟ ರೋಬಾಟ್. ಹುಡುಗ ಫೋನಿನಲ್ಲಿ ತರಬೇತಿಯ ವಿಡಿಯೊ ಒಂದನ್ನು ತೋರಿಸಿದ. ರೋಬಾಟಿನ ದೀಪದ ಬೆಳಕಿನಲ್ಲಿ ಹಳದಿ ಬಣ್ಣದ ಉಕ್ಕಿನ ಚೌಕಟ್ಟು, ಅದರ ಮೇಲೆ ದೊಡ್ಡ ಅಂಕಿಗಳು, ಸುತ್ತ ಕಗ್ಗತ್ತಲು, ಮಧ್ಯೆ ಬೆದರದೆ ಹಾದುಹೋದ ಒಂದು ಮೀನು. ಕಡಲತಳದಲ್ಲಿ ಬಾವಿಯ ಬಾಯಿ ಕಟ್ಟುವ ವಿದ್ಯೆ 1943ರಲ್ಲಿ ಅಮೆರಿಕ–ಕೆನಡಾ ನಡುವಿನ ಈರಿ ಸರೋವರದ ಅನಿಲ ಬಾವಿಯೊಂದರಲ್ಲಿ ಶುರುವಾಯಿತು. ಅಲ್ಲಿ ನೀರು ಹತ್ತು ಮೀಟರಿನಷ್ಟು ಆಳವಿತ್ತು. ಅಲ್ಲಿಂದ ಇಲ್ಲಿಗೆ ಮನುಷ್ಯ ಬಂದದ್ದನ್ನು ನೋಡಿ ನಾನು ನಿಜಕ್ಕೂ ಬೆರಗಾದೆ. ಆ ಬೆರಗು ಈಗಲೂ ಹಾಗೇ ಇದೆ.

ಇನ್ನು ಸಾಮರ್ಲಕೋಟದ ಪ್ರಶ್ನೆ.

ರಿಲಯನ್ಸ್ ಕೊಟ್ಟ 2004ರ ಮೊದಲ ಯೋಜನೆಯಲ್ಲಿ ದಿನಕ್ಕೆ 4 ಕೋಟಿ ಘನ ಮೀಟರ್ ಅನಿಲ, ಸುಮಾರು 240 ಕೋಟಿ ಡಾಲರ್ ವೆಚ್ಚ ಎಂದಿತ್ತು. 2006ರಲ್ಲಿ ಅದನ್ನು ತಿದ್ದಿ ದಿನಕ್ಕೆ 8 ಕೋಟಿ, ಮೊದಲ ಹಂತಕ್ಕೇ ಸುಮಾರು 520 ಕೋಟಿ ಡಾಲರ್ ಎಂದರು. 2010ರಲ್ಲಿ ಉತ್ಪಾದನೆ ದಿನಕ್ಕೆ 6 ಕೋಟಿ ಘನ ಮೀಟರ್ ಮುಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಅಂಬಾನಿ ಸೋದರರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್, ಈ ಅನಿಲ ದೇಶದ ಸಂಪತ್ತು, ಅದರ ಬೆಲೆ ಮತ್ತು ಹಂಚಿಕೆ ಸರ್ಕಾರದ ಅಧಿಕಾರ ಎಂದು ತೀರ್ಪು ಕೊಟ್ಟಿತು. ಅಲ್ಲಿಂದಾಚೆಗೆ ಇಳಿಮುಖ. 2013–14ರ ಹೊತ್ತಿಗೆ ದಿನಕ್ಕೆ 1.4 ಕೋಟಿಯ ಆಸುಪಾಸು. 8 ಕೋಟಿಯನ್ನು ಅದು ಎಂದೂ ಕಾಣಲಿಲ್ಲ. ಬಾವಿಗಳಿಗೆ ನೀರು ನುಗ್ಗಿತು, ಮರಳು ಬಂತು, ಒತ್ತಡ ಕುಸಿಯಿತು. ತೆಗೆಯಬಹುದಾದ ಅನಿಲದ ಅಂದಾಜನ್ನೇ ಮೂರನೇ ಒಂದು ಭಾಗಕ್ಕೆ ಇಳಿಸಬೇಕಾಯಿತು.

"ನಮ್ಮ ಏರಿಯಾದ ಬೋರ್‌ವೆಲ್ ಥರ ದೊಡ್ಡಮ್ಮ," ಎಂದ ಹುಡುಗ. "ಒಂದು ಮನೆಗೆ ಮುನ್ನೂರು ಅಡಿಗೆ ನೀರು. ಪಕ್ಕದ ಮನೆಯವರು ಸಾವಿರ ಅಡಿ ಹೋದರೂ ಧೂಳು. ಎರಡೂ ಒಂದೇ ಸೆಲೆ ಅಂದುಕೊಂಡಿರ್ತೀವಿ, ಒಳಗೆ ಕೂಡಿಕೊಂಡಿರೋದೇ ಇಲ್ಲ. ಹಳೇ ಕಾಲುವೆಗಳ ಮರಳು ಒಂದಕ್ಕೊಂದು ಎಷ್ಟು ಕೂಡಿದೆ ಅನ್ನೋದು ಅನಿಲ ಹರಿಸಿ ನೋಡಿದ ಮೇಲೇ ತಿಳಿಯೋದು."

ವಿವಾದ ದೊಡ್ಡದಾಯಿತು. ಒಪ್ಪಿದಷ್ಟು ಬಾವಿ ಕೊರೆಯದೆ ಉತ್ಪಾದನೆ ಇಳಿಯಿತು ಎಂದು ಸರ್ಕಾರ ವೆಚ್ಚದ ಒಂದು ಭಾಗಕ್ಕೆ ಒಪ್ಪಿಗೆ ನಿರಾಕರಿಸಿತು. ಮರಳು ನಾವೆಣಿಸಿದಂತೆ ಇರಲಿಲ್ಲ, ಇನ್ನಷ್ಟು ಬಾವಿ ಕೊರೆದರೂ ದಂಡವಾಗುತ್ತಿತ್ತು ಎಂದು ಕಂಪನಿ ವಾದಿಸಿತು. 2011ರಲ್ಲಿ ಮಹಾಲೇಖಪಾಲರ ವರದಿ ವೆಚ್ಚದ ಲೆಕ್ಕವನ್ನೂ ಮೇಲ್ವಿಚಾರಣೆಯನ್ನೂ ತರಾಟೆಗೆ ತೆಗೆದುಕೊಂಡಿತು. ಪಕ್ಕದ ಒಎನ್‌ಜಿಸಿ ಬ್ಲಾಕಿನ ಅನಿಲ ಈ ಬಾವಿಗಳ ಕಡೆ ಹರಿದಿದೆ ಎಂದು ನ್ಯಾಯಮೂರ್ತಿ ಎ.ಪಿ. ಶಾ ಸಮಿತಿ 2016ರಲ್ಲಿ ಹೇಳಿತು. ಆ ವ್ಯಾಜ್ಯ ಕೋರ್ಟುಗಳಲ್ಲಿ ಎಳೆಯುತ್ತ ಹೋಯಿತು. ಇದೇ ಕಡಲಿನ ಇನ್ನೊಂದು ಬ್ಲಾಕಿನಲ್ಲಿ ಗುಜರಾತ್ ಸರ್ಕಾರದ ಜಿಎಸ್‌ಪಿಸಿಗೆ 20 ಲಕ್ಷ ಕೋಟಿ ಘನ ಅಡಿ ಅನಿಲ ಸಿಕ್ಕಿದೆಯೆಂದು 2005ರಲ್ಲಿ ಘೋಷಣೆಯಾಗಿತ್ತು. ಅದರ ಹತ್ತಿರವೂ ಉತ್ಪಾದನೆ ಸುಳಿಯಲಿಲ್ಲ. 2017ರಲ್ಲಿ ಅದು ಒಎನ್‌ಜಿಸಿ ಪಾಲಾಯಿತು.

ಕಾನೂನಿನ ಸರಿತಪ್ಪು ತೂಗುವ ಅಧಿಕಾರ ನನಗಿಲ್ಲ. ಆದರೆ ಗಾಡಿಮೊಗದ ಆ ಗೋಡೆಯ ಪಕ್ಕ ಕೂತಾಗ ನನಗೆ ಸ್ಪಷ್ಟವಾದದ್ದು ಇದು: ಕಡಲತಳದ ಉಪಕರಣ ಕೈಕೊಡಲಿಲ್ಲ. ವಾಲ್ವ್, ಕೊಳವೆ, ಗ್ಲೈಕಾಲ್ ಎಲ್ಲವೂ ಹೇಳಿದ ಕೆಲಸ ಮಾಡಿದವು. ತಪ್ಪಿದ್ದು ಮರಳಿನ ಅಂದಾಜು. ಆ ಅಂದಾಜನ್ನು ನಂಬಿ ದೇಶದಾದ್ಯಂತ ಎದ್ದ ಸ್ಥಾವರಗಳು, ಸುಮಾರು 14,000 ಮೆಗಾವ್ಯಾಟಿನಷ್ಟು, ಅನಿಲವಿಲ್ಲದೆ ನಿಂತವು.

ಸಂಜೆ ಗೌತಮಿಯ ದಡದಲ್ಲಿ ಬಲೆ ಹೆಣೆಯುತ್ತಿದ್ದ ವಯಸ್ಸಾದ ಮೀನುಗಾರನೊಬ್ಬನೊಂದಿಗೆ ಮಾತಿಗೆ ಕೂತೆ. ಮೈಸೂರು ರಸ್ತೆಯ ತೆಲುಗು ಅವನಿಗೆ ಸ್ವಲ್ಪ ವಿಚಿತ್ರವೆನಿಸಿದರೂ ಮಾತು ಸಾಗಿತು. ರಾತ್ರಿ ಕಡಲಿಗೆ ಹೋದಾಗ ಪ್ಲಾಟ್‌ಫಾರ್ಮ್‌ನ ದೀಪ ದೂರದಿಂದ ಕಾಣುತ್ತದೆ, ಆದರೆ ಹತ್ತಿರ ಹೋಗುವಂತಿಲ್ಲ ಎಂದ. ಇಂಥ ಕಟ್ಟಡಗಳ ಸುತ್ತ 500 ಮೀಟರ್ ಸುರಕ್ಷತಾ ವಲಯ. ಆ ಬೆಳಕಿನ ಕೆಳಗೇ ಮೀನು ಸೇರುತ್ತವೆ ಎಂಬುದು ಅವನಿಗೆ ಗೊತ್ತಿರುವ ಸಂಗತಿ. ಮೀನು ಕಡಿಮೆಯಾದದ್ದಕ್ಕೆ ಅವನು ಟ್ರಾಲರ್, ಸಿಗಡಿ ಕೊಳ, ಕೊಳವೆ ಎಲ್ಲವನ್ನೂ ದೂರಿದ. "ನಿಮ್ಮೂರಿಗೆ ಇಲ್ಲಿಯ ಗ್ಯಾಸು ಬರುತ್ತಾ?" ಎಂದು ಕೇಳಿದ. ಬರುತ್ತದೆ, ಬೇರೆಯದರ ಜೊತೆ ಸೇರಿ, ಎಂದೆ. ಅವನ ಮನೆಯಲ್ಲಿ ಸಿಲಿಂಡರ್. ಗೋಡೆಗೆ ಇಷ್ಟು ಹತ್ತಿರದಲ್ಲಿದ್ದೂ.

ನದಿಯ ಆಚೆ ಕೋನಸೀಮೆ. ಅಲ್ಲಿಯ ನಗರಂ ಎಂಬ ಊರಿನಲ್ಲಿ 2014ರ ಜೂನ್ 27ರ ಬೆಳಗಿನ ಜಾವ ಅನಿಲ ಕೊಳವೆ ಸ್ಫೋಟಿಸಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಒಣ ಅನಿಲಕ್ಕಾಗಿ ಹಾಕಿದ ಕೊಳವೆಯಲ್ಲಿ ನೀರು ಬೆರೆತ ಅನಿಲ ಹರಿದು ಲೋಹ ಸವೆದಿತ್ತು. ಅನಿಲವನ್ನು ದಡದಲ್ಲಿ ಒಣಗಿಸುವುದು ಬರಿಯ ಶುದ್ಧೀಕರಣದ ಮಾತಲ್ಲ, ಜೀವದ ಮಾತು. ಅದಕ್ಕೂ ಮೊದಲು 1995ರ ಜನವರಿಯಲ್ಲಿ ಪಾಸರ್ಲಪೂಡಿಯ ಬಾವಿಯೊಂದು ಸಿಡಿದು ಎರಡು ತಿಂಗಳಿಗೂ ಹೆಚ್ಚು ಕಾಲ ಉರಿದಿತ್ತು. ಮೀನುಗಾರ ಆ ಎರಡೂ ಊರಿನ ಹೆಸರನ್ನು ನನಗಿಂತ ಮೊದಲೇ ತೆಗೆದ.

ಡಿ1–ಡಿ3 ಕ್ಷೇತ್ರ 2020ರ ಫೆಬ್ರುವರಿಯಲ್ಲಿ ನಿಂತಿತು. ಅದೇ ವರ್ಷ ಡಿಸೆಂಬರಿನಲ್ಲಿ ಅದೇ ಬ್ಲಾಕಿನ ಆರ್ ಕ್ಲಸ್ಟರ್ ಎಂಬ ಹೊಸ ಕ್ಷೇತ್ರ ಶುರುವಾಯಿತು. ನೀರಿನ ಆಳ 2,000 ಮೀಟರಿಗೂ ಮಿಗಿಲು, ಏಷ್ಯಾದಲ್ಲೇ ಅತಿ ಆಳದ ಅನಿಲ ಕ್ಷೇತ್ರ. 2021ರಲ್ಲಿ ಸ್ಯಾಟಲೈಟ್ ಕ್ಲಸ್ಟರ್, 2023ರಲ್ಲಿ ಎಂಜೆ ಕ್ಷೇತ್ರ. ಹೊಸ ಬಾವಿಗಳೆಲ್ಲ ಹಳೆಯ ಪ್ಲಾಟ್‌ಫಾರ್ಮ್, ಹಳೆಯ ಕೊಳವೆ, ಇದೇ ಗಾಡಿಮೊಗದ ಟರ್ಮಿನಲ್ಲನ್ನೇ ಬಳಸಿಕೊಂಡವು. ಆರ್ ಕ್ಲಸ್ಟರ್ ಆ ಪ್ಲಾಟ್‌ಫಾರ್ಮ್‌ನಿಂದ ಸುಮಾರು 60 ಕಿಲೋಮೀಟರ್ ದೂರ. ರಿಲಯನ್ಸ್ ಮತ್ತು ಅದರ ಪಾಲುದಾರ ಬಿಪಿ ಈ ಸಲ ಹೇಳಿದ ಗುರಿ ದಿನಕ್ಕೆ 3 ಕೋಟಿ ಘನ ಮೀಟರ್. ಅದರ ಹತ್ತಿರಕ್ಕೆ ಮುಟ್ಟಿದರು. ಮೊದಲ ಸಲದ ಪಾಠ ಎರಡನೆಯ ಸಲ ಫಲಿಸಿದೆ ಎಂದೇ ನನ್ನ ತಿಳಿವಳಿಕೆ. ಈ ಬಾವಿಗಳೂ 2024ರಿಂದ ಮೆಲ್ಲಗೆ ಇಳಿಯತೊಡಗಿವೆ. ಯಾವ ಅನಿಲ ಬಾವಿಯೂ ಕಾವೇರಿಯಂತೆ ಮುಂದಿನ ಮಳೆಗೆ ತುಂಬಿಕೊಳ್ಳುವುದಿಲ್ಲ.

ಬರುವಾಗ ಹೈದರಾಬಾದ್ ಮೇಲೆ ಬೀದರಿಗೆ ಬಂದೆ. ಕೊಳವೆಯ ಹಾದಿ ಹಿಡಿದೇ ಮರಳಬೇಕೆಂಬ ಹಟ. ಹೊಲಗಳ ನಡುವೆ ಗುರುತಿನ ಕಂಬಗಳು ಸಾಲಾಗಿ ನಿಂತಿವೆ, ಅವುಗಳ ಕೆಳಗೆ ಕಡಲಿನ ಅನಿಲ ಸದ್ದಿಲ್ಲದೆ ಪಶ್ಚಿಮಕ್ಕೆ ಓಡುತ್ತದೆ. ತೊಗರಿ ಹೊಲದ ಬದುವಿನಲ್ಲಿ ಕೂತ ರೈತರೊಬ್ಬರು ಕಂಬ ತೋರಿಸಿ, "ಜಮೀನ್ ನಮ್ದೇ ಅದ ರೀ ಅಕ್ಕಾ. ಬಿತ್ತಬಹುದು, ಬೆಳೀಬಹುದು. ಮನಿ ಕಟ್ಟಂಗಿಲ್ಲ, ಬಾವಿ ತೋಡಂಗಿಲ್ಲ, ಗಿಡ ಹಚ್ಚಂಗಿಲ್ಲ," ಎಂದರು. 1962ರ ಪೆಟ್ರೋಲಿಯಂ ಕೊಳವೆ ಕಾಯಿದೆಯ ಮರ್ಮವನ್ನು ಅಷ್ಟೇ ಮಾತಿನಲ್ಲಿ ಹೇಳಿಬಿಟ್ಟರು. ಸರ್ಕಾರ ಭೂಮಿಯನ್ನು ಕೊಳ್ಳುವುದಿಲ್ಲ, ಬಳಕೆಯ ಹಕ್ಕನ್ನಷ್ಟೇ ಪಡೆಯುತ್ತದೆ. ಅದಕ್ಕೆ ಕೊಡುವುದು ಭೂಮಿಯ ಮಾರುಕಟ್ಟೆ ಬೆಲೆಯ ಶೇ 10, ಜೊತೆಗೆ ಬೆಳೆ ಹಾನಿಯ ಪರಿಹಾರ. ಒಮ್ಮೆ ಕೊಟ್ಟರೆ ಮುಗಿಯಿತು. ತಲೆಮಾರುಗಳವರೆಗೆ ಆ ಪಟ್ಟಿಯಲ್ಲಿ ಬಾವಿ ತೋಡಲಾಗದ ರೈತನಿಗೆ ಇದು ಏನೇನೂ ಸಾಲದು. ಕಾಯಿದೆ ತಿದ್ದಿ, ಅನಿಲ ಹರಿಯುವಷ್ಟು ಕಾಲ ವರ್ಷವರ್ಷ ಬಾಡಿಗೆಯಂತೆ ಕೊಡಬೇಕು. ಬೀದರಿಗೂ ತುಮಕೂರಿಗೂ ಕಾಸರಗೋಡಿಗೂ ಇದೇ ಮಾತು ಸಲ್ಲುತ್ತದೆ. ಕೊಚ್ಚಿಯಿಂದ ಮಂಗಳೂರಿಗೆ ಬರುವ, 2021ರ ಜನವರಿಯಲ್ಲಿ ಉದ್ಘಾಟನೆಯಾದ 450 ಕಿಲೋಮೀಟರ್ ಕೊಳವೆಯೂ ಕಾಸರಗೋಡಿನ ಹಿತ್ತಿಲು, ತೋಟಗಳ ಅಡಿಯಲ್ಲೇ ಬಂದಿದೆ.

ಮನೆಗೆ ಬಂದು ಪಕ್ಕದ ಮನೆಯ ಹಿರಿಯರಿಗೆ ಸ್ಪ್ರಿಂಗಿನ ಮಾತು ಹೇಳಿದೆ. ತಲೆದೂಗಿದರು. ಆಮೇಲೆ ಅವರೇ ಬಿಡದಿಯ ಮಾತು ತೆಗೆದರು. ನಮ್ಮ ಇದೇ ಮೈಸೂರು ರಸ್ತೆಯಲ್ಲಿ ಒಂದು ಗಂಟೆಯ ದಾರಿ. ಕರ್ನಾಟಕ ವಿದ್ಯುತ್ ನಿಗಮ ಅಲ್ಲಿ ದೊಡ್ಡ ಅನಿಲ ವಿದ್ಯುತ್ ಸ್ಥಾವರ ಕಟ್ಟಲು ಯೋಜಿಸಿತ್ತು, ದಾಭೋಳದ ಕೊಳವೆ ಬರುವ ಭರವಸೆಯಲ್ಲಿ. ಕೊಳವೆ ಬಂತು. ಅಗ್ಗದ ದೇಶೀ ಅನಿಲ ಬರಲಿಲ್ಲ. ಆ ಸ್ಥಾವರ ಕಾಗದದಲ್ಲೇ ಉಳಿಯಿತು. ಈಗ ಬಿಡದಿಯಲ್ಲಿರುವುದು ಕಸದಿಂದ ವಿದ್ಯುತ್ ಮಾಡುವ 11.5 ಮೆಗಾವ್ಯಾಟ್ ಘಟಕ. ಅನಿಲದ್ದು ಯಲಹಂಕದಲ್ಲಿ ಎದ್ದಿತು, 370 ಮೆಗಾವ್ಯಾಟ್. 2020ರ ಅಕ್ಟೋಬರಿನಲ್ಲಿ ಪರೀಕ್ಷೆಯ ಹಂತದಲ್ಲಿ ಬೆಂಕಿ ಅನಾಹುತ ಕಂಡು, 2024ರಲ್ಲಿ ಉದ್ಘಾಟನೆಯಾಯಿತು. ಗೋದಾವರಿಯ ಹಳೆಯ ಕಾಲುವೆಗಳ ಮರಳು ಒಂದಕ್ಕೊಂದು ಕೂಡಿದೆಯೋ ಇಲ್ಲವೋ ಎಂಬುದು ಬಿಡದಿಯ ಹೊಲಗಳ ಹಣೆಬರಹವನ್ನೂ ಬರೆಯಿತು.

ಅರಬ್ಬಿ ಸಮುದ್ರದ ನಮ್ಮ ಕಡೆ, ಕೇರಳ–ಕೊಂಕಣ ಜಲಾನಯನವೆಂದು ಕರೆಯುವ ಕಡಲಿನಲ್ಲೂ ಬಾವಿಗಳನ್ನು ಕೊರೆದಿದ್ದಾರೆ. ವ್ಯಾಪಾರಕ್ಕಾಗುವಷ್ಟು ಅನಿಲ ಇನ್ನೂ ಸಿಕ್ಕಿಲ್ಲ. ಹುಡುಕಾಟ ಮುಗಿದಿಲ್ಲ, ಮುಗಿಯಲೂಬಾರದು. ಮಂಗಳೂರು, ಕಾರವಾರದ ಎದುರು ಅನಿಲ ಸಿಕ್ಕಿತೆಂದು ನಾಳೆ ದೊಡ್ಡ ಅಕ್ಷರದ ಸುದ್ದಿ ಬರಬಹುದು. ಆಗ ಎಷ್ಟು ಲಕ್ಷ ಕೋಟಿ ಘನ ಅಡಿ ಎಂದು ಕೇಳುವುದಕ್ಕೆ ಮೊದಲು, ಎಷ್ಟು ಬಾವಿ ಕೊರೆದು ಎಷ್ಟು ಕಾಲ ಹರಿಸಿ ನೋಡಿದಿರಿ, ಆ ಲೆಕ್ಕವನ್ನು ಹೊರಗಿನ ಯಾರು ಪರಿಶೀಲಿಸಿದರು, ದೋಣಿಯವರನ್ನೂ ಹೊಲದವರನ್ನೂ ಯಾವಾಗ ಮಾತನಾಡಿಸಿದಿರಿ ಎಂದು ಕೇಳಿ. ಉತ್ತರ ಸಿಗುವವರೆಗೆ ಬಿಡಬೇಡಿ.